‘ಮಲೆಪರೊಳ್ಗಂಡ’ ಅಂದರೆ ಯಾರು? ಸೋತವರ ಕಲ್ಲುಗಳಲ್ಲಿ ಹೊಯ್ಸಳರು

ಹೊಯ್ಸಳರ ಶಾಸನ ಓದಲು ಶುರುಮಾಡಿದವರಿಗೆ ಬೇಗನೆ ಪರಿಚಯವಾಗುವ ಬಿರುದು ‘ಮಲೆಪರೊಳ್ಗಂಡ’. ವಿನಯಾದಿತ್ಯನ ಕಾಲದಿಂದ ವಂಶದ ಕೊನೆಯವರೆಗೂ ಅದನ್ನು ಬಿಡದೆ ಹೊತ್ತುಕೊಂಡು ಬಂದಿದ್ದಾರೆ. ಮುಂದೆ ದಾನಶಾಸನಗಳ ಕೊನೆಯಲ್ಲಿ ಅರಸನ ಒಪ್ಪ, ಅಂದರೆ ರುಜು, ಕೂಡ ‘ಶ್ರೀ ಮಲಪರೊಳುಗಂಡ’ ಎಂದೇ ಇರುತ್ತದೆ. ಮಲೆಪರು ಅಂದರೆ ಮಲೆಯ ಪಾಳೆಯಗಾರರು. ಸಕಲೇಶಪುರ, ಆಲೂರು, ಮೂಡಿಗೆರೆ, ಉತ್ತರ ಕೊಡಗಿನ ಗುಡ್ಡಗಳಲ್ಲಿ ಒಂದೊಂದು ನಾಡು ಹಿಡಿದು ಕೂತಿದ್ದ ಒಡೆಯರು.

ಈ ಬಿರುದಿಗೆ ‘ಮಲೆಪರನ್ನು ಗೆದ್ದವನು’ ಎಂದು ಅರ್ಥ ಹೇಳುವುದು ರೂಢಿ. ಆದರೆ ವ್ಯಾಕರಣ ಸ್ವಲ್ಪ ನೋಡಿ. ತಲಕಾಡನ್ನು ಗೆದ್ದ ವಿಷ್ಣುವರ್ಧನ ‘ತಲಕಾಡುಗೊಂಡ’ನಾದ, ಅಲ್ಲಿ ಇರುವುದು ‘ಕೊಂಡ’, ವಶಪಡಿಸಿಕೊಂಡವನು. ಇಲ್ಲಿರುವುದು ಸಪ್ತಮಿಯ ‘ಒಳ್’. ಮಲೆಪರ ಒಳಗೆ ಗಂಡ, ಅಂದರೆ ಮಲೆಪರಲ್ಲೇ ಶೂರ. ಹೊರಗಿನಿಂದ ಬಂದು ಗೆದ್ದವನ ಮಾತಲ್ಲ ಇದು, ಅದೇ ಗುಂಪಿನಲ್ಲಿ ತಾನು ಮೇಲು ಎನ್ನುವವನ ಮಾತು. ಹೊಯ್ಸಳರ ಮೂಲ ನೆಲೆ ಸೊಸೆವೂರು, ಇಂದಿನ ಅಂಗಡಿ, ಸಕಲೇಶಪುರದ ಉತ್ತರಕ್ಕೆ ಅದೇ ಮಲೆಯಲ್ಲೇ ಇದೆಯಲ್ಲ. ದ್ವಾರಾವತಿ, ಯದುಕುಲ ಇವೆಲ್ಲ ಪ್ರಶಸ್ತಿಗಳಲ್ಲಿ ಎಷ್ಟೇ ಜೋರಾಗಿ ಬಂದರೂ, ಈ ಒಂದು ಬಿರುದು ಹಳೆಯ ಮನೆಯ ವಿಳಾಸವನ್ನು ಉಳಿಸಿಕೊಂಡಿದೆ ಅನ್ನಿಸುತ್ತೆ ನನಗೆ.

ಹಾಗಾದರೆ ಉಳಿದ ಮಲೆಪರು ಯಾರು? ಅವರಲ್ಲಿ ಮುಖ್ಯರು ಕೊಂಗಾಳ್ವರು ಮತ್ತು ಚಂಗಾಳ್ವರು. ಶಾಲೆಯ ಪುಸ್ತಕದಲ್ಲಿ ಇವರಿಗೆ ಸಿಗುವುದು ‘ಹೊಯ್ಸಳರು ಚಂಗಾಳ್ವ ಕೊಂಗಾಳ್ವರನ್ನು ಅಡಗಿಸಿದರು’ ಎಂಬ ಅರ್ಧ ಸಾಲು. ಆ ಅರ್ಧ ಸಾಲು ಬಂದದ್ದು ಗೆದ್ದವರ ಪ್ರಶಸ್ತಿಯಿಂದ.

ಇದು ನಮ್ಮ ಕಡೆಯ ವಿಚಿತ್ರವೇನಲ್ಲ. ಅಲೆಕ್ಸಾಂಡರನ ನಂತರ ಮ್ಯಾಸಿಡೋನಿಯಾ, ಸಿರಿಯಾ, ಈಜಿಪ್ಟ್ ಆಳಿದ ಗ್ರೀಕ್ ವಂಶಗಳ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಅವರನ್ನು ಸೋಲಿಸಿದ ರೋಮಿನ ಲೇಖನಿಯಿಂದ ಅಥವಾ ಅದರ ನೆರಳಿನಿಂದ ಬಂದದ್ದು. ಮ್ಯಾಸಿಡೋನಿಯಾದ ಕೊನೆಯ ದೊರೆ ಪರ್ಸಿಯಸ್ ಕ್ರಿ.ಪೂ. 168ರಲ್ಲಿ ಪಿಡ್ನಾ ಕಾಳಗದಲ್ಲಿ ಸೋತ. ನೂರು ವರ್ಷಕ್ಕೂ ಮೀರಿ ಕಳೆದ ಮೇಲೆ ಬರೆದ ಲಿವಿಯ ಇತಿಹಾಸದಲ್ಲಿ ಅವನು ದುಡ್ಡು ಬಿಚ್ಚದ ಜಿಪುಣ. ಡೆಲ್ಫಿಯಲ್ಲಿ ಪರ್ಸಿಯಸ್ ತನ್ನ ಪ್ರತಿಮೆಗಾಗಿ ಕಂಬವೊಂದನ್ನು ಸಿದ್ಧಮಾಡಿಸುತ್ತಿದ್ದ. ಗೆದ್ದ ಸೇನಾಪತಿ ಎಮಿಲಿಯಸ್ ಪೌಲಸ್ ಅದರ ಮೇಲೆ ತನ್ನ ಪ್ರತಿಮೆ ನಿಲ್ಲಿಸಿ, ಪರ್ಸಿಯಸ್‌ನಿಂದಲೂ ಮ್ಯಾಸಿಡೋನಿಯನ್ನರಿಂದಲೂ ಇದನ್ನು ಕಿತ್ತುಕೊಂಡೆ ಎಂದು ಲ್ಯಾಟಿನ್‌ನಲ್ಲಿ ಕೆತ್ತಿಸಿದ. ಸೋತವನ ಕಲ್ಲು, ಗೆದ್ದವನ ಅಕ್ಷರ.

ನಮ್ಮ ಮಲೆಯಲ್ಲಿ ಮಾತ್ರ ಒಂದು ಅದೃಷ್ಟ: ಸೋತವರೂ ಕಲ್ಲು ಬರೆಸಿದ್ದಾರೆ, ಅವು ಉಳಿದೂ ಇವೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ತಂದರು. ಸಕಲೇಶಪುರ ಆಗ ಮಂಜರಾಬಾದ್ ತಾಲ್ಲೂಕು. ಈ ಸಂಪುಟವನ್ನು ಕೊಡಗಿನ ಸಂಪುಟದ ಪಕ್ಕದಲ್ಲಿಟ್ಟು ಓದಿದರೆ ಬೇರೆಯೇ ಕಥೆ ತೆರೆಯುತ್ತದೆ.

ಕೊಂಗಾಳ್ವರ ಹುಟ್ಟು ಚೋಳರ ಕೈಯಿಂದ. ಸುಮಾರು 1004ರಲ್ಲಿ ಪನಸೋಗೆಯ ಕಾಳಗದಲ್ಲಿ ಚೋಳರ ಪರ ಕಾದಿದ ಮನಿಜ ಎಂಬವನಿಗೆ, ರಾಜರಾಜ ಚೋಳನ ಅಪ್ಪಣೆಯಂತೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಪಟ್ಟವೂ ಮಾಳವ್ವಿ, ಇಂದಿನ ಮಾಲಂಬಿಯೂ ಸಿಕ್ಕವು. ಕಾವೇರಿ ಹೇಮಾವತಿ ನಡುವಿನ ಅರಕಲಗೂಡು, ಏಳುಸಾವಿರ ಸೀಮೆ ಇವರ ನಾಡಾಯಿತು. ಮುಂದೆ ಹೆಸರುಗಳೂ ಚೋಳರವೇ: ರಾಜೇಂದ್ರ ಚೋಳ ಪೃಥ್ವಿ ಕೊಂಗಾಳ್ವ. ಆಮೇಲೆ ‘ಒರೆಯೂರು ಪುರವರಾಧೀಶ್ವರ’ರು, ಚೋಳಕುಲದ ಸೂರ್ಯರು. ಬಿರುದು ಕೊಟ್ಟ ಯಜಮಾನರ ವಂಶವೇ ತಮ್ಮ ವಂಶವಾಯಿತು! ನಗುವ ಮುನ್ನ ನೆನಪಿರಲಿ, ಹೊಯ್ಸಳರೂ ದ್ವಾರಾವತಿಯ ಯಾದವರು, ಅವರ ಶತ್ರುಗಳಾದ ಚಂಗಾಳ್ವರೂ ಯಾದವರೇ.

ಈಗ ಮುಖ್ಯ ವಿಷಯ. ವಿನಯಾದಿತ್ಯನಿಗಿಂತ ಮುಂಚಿನ ಹೊಯ್ಸಳ ದೊರೆ ನೃಪಕಾಮ. ನಂತರದ ದೊಡ್ಡ ಪ್ರಶಸ್ತಿಗಳು ಸಳನ ಹುಲಿಕಥೆ ಹೇಳಿ ನೇರ ವಿನಯಾದಿತ್ಯನಿಗೆ ಜಿಗಿಯುತ್ತವೆ, ಇವನ ಸುದ್ದಿಯೇ ಎತ್ತುವುದಿಲ್ಲ. ಯಾಕೆ? ಅವನ ಕಾಲದ ಶಾಸನಗಳನ್ನು ಕೇಳಿ. ಮಂಜರಾಬಾದ್ ತಾಲ್ಲೂಕಿನ 1022ರ ಶಾಸನದ ಪ್ರಕಾರ ನೃಪಕಾಮ ಕೊಂಗಾಳ್ವನ ಮೇಲೆ ಬಿದ್ದು ಪ್ರಾಣಕ್ಕೇ ಸಂಚಕಾರ ತಂದುಕೊಂಡ, ಸೇನಾಪತಿ ಜೋಗಯ್ಯ ಉಳಿಸಿದ. ಅರಕಲಗೂಡು ತಾಲ್ಲೂಕಿನ 1026ರ ಶಾಸನದಲ್ಲಿ ಕೊಂಗಾಳ್ವ, ಮಣ್ಣಿಯಲ್ಲಿ ಪೊಯ್ಸಳನನ್ನು ಗೆದ್ದೆ ಎಂದು ಹೇಳಿಕೊಳ್ಳುತ್ತಾನೆ. ಅಂದರೆ ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಹೇಮಾವತಿ ದಡದಲ್ಲಿ ನಿಂತವನಿಗೆ, ಈ ಇಬ್ಬರಲ್ಲಿ ಬೇಲೂರು ಕಟ್ಟುವವರು ಯಾರು ಎಂದು ಹೇಳಲು ಆಗುತ್ತಲೇ ಇರಲಿಲ್ಲ. ಕೊಂಗಾಳ್ವನ ಮಾತಿನಲ್ಲೂ ಬಡಾಯಿ ಇರಬಹುದು, ಒಪ್ಪೋಣ. ಆದರೆ ವಂಶಾವಳಿಯ ಮೌನ ಮತ್ತು ಈ ಎರಡು ಕಲ್ಲು ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಗೆದ್ದವರ ಪಟ್ಟಿಯಲ್ಲಿ ಬರೀ ‘ಮಲೆಪ’ರಾದವರ ಆಸ್ಥಾನ ಹೇಗಿತ್ತು ಎಂಬುದಕ್ಕೂ ಸಾಕ್ಷಿ ಇದೆ. 1058ರಲ್ಲಿ ರಾಜೇಂದ್ರ ಕೊಂಗಾಳ್ವ ಮತ್ತು ಅವನ ತಾಯಿ ಪೋಚಬ್ಬರಸಿ ಕೊಡಗಿನ ಮುಳ್ಳೂರಿನ ಬಸದಿಗೆ ದಾನ ಕೊಡುತ್ತಾರೆ. 1079ರ ಕೊಂಗಾಳ್ವ ಶಾಸನವನ್ನು ರಚಿಸಿದ ಸಂಧಿವಿಗ್ರಹಿ ನಕುಲಾರ್ಯ ನಾಲ್ಕು ಭಾಷೆ ಬರೆಯಬಲ್ಲವನಂತೆ. ಇವತ್ತು ನಮ್ಮ ಎಷ್ಟು ಕಚೇರಿಗಳಲ್ಲಿ ಅಂಥವರಿದ್ದಾರೆ ಹೇಳಿ!

ಚಂಗಾಳ್ವರದು ಇನ್ನೂ ಸ್ವಾರಸ್ಯ. 1145ರಲ್ಲಿ ಒಂದನೆಯ ನರಸಿಂಹ ಚಂಗಾಳ್ವನನ್ನು ಕಾಳಗದಲ್ಲಿ ಕೊಂದು ಆನೆ, ಕುದುರೆ, ಹೊನ್ನು ಹಿಡಿದನೆಂದು ಹೊಯ್ಸಳ ಕಡೆಯ ಶಾಸನ. ಓದಿದರೆ ಅಲ್ಲಿಗೆ ಮುಗಿಯಿತು ಅನ್ನಿಸಬೇಕು. ಮುಗಿದಿದ್ದರೆ ಸುಮಾರು ಮೂವತ್ತು ವರ್ಷದೊಳಗೆ ವೀರಬಲ್ಲಾಳ ಬೆಟ್ಟರಸನನ್ನು ಮತ್ತೆ ಚಂಗಾಳ್ವ ಮಹಾದೇವನ ಮೇಲೆ ಕಳಿಸುವ ಅಗತ್ಯವೇನಿತ್ತು? ಮಹಾದೇವ ಕೊಡಗಿನ ಪಾಲ್ಪಾರೆ ಕೋಟೆಗೆ ಸರಿದ, ವಂಶ ಉಳಿಯಿತು. ಹೊಯ್ಸಳರು ಹದಿನಾಲ್ಕನೆಯ ಶತಮಾನದ ನಡುವೆ ಮುಗಿದರು. ಚಂಗಾಳ್ವರು ಪಿರಿಯಾಪಟ್ಟಣದಲ್ಲಿ 1644ರವರೆಗೆ ಇದ್ದರು, ಆ ವರ್ಷ ಮೈಸೂರಿನವರು ಅದನ್ನು ಹಿಡಿದರು.

ಇದೇ ಮಲೆಗೆ ಕಲ್ಲು ಬಿಟ್ಟು ಕಾಗದದ ಕಾಲ ಬಂದಾಗಲೂ ಲೇಖನಿ ಗೆದ್ದವರ ಕೈಯಲ್ಲೇ ಇತ್ತು. ಬಲಂ ಅಥವಾ ಐಗೂರು ಸೀಮೆಯ ವೆಂಕಟಾದ್ರಿ ನಾಯಕ ತನ್ನ ವಂಶದ ನೆಲಕ್ಕಾಗಿ ಹೋರಾಡಿದ. ಆರ್ಥರ್ ವೆಲ್ಲೆಸ್ಲಿಯ ದಂಡು ಅವನ ಅರಕೆರೆಯ ನೆಲೆಯನ್ನು ಮುರಿದು 1802ರಲ್ಲಿ ಅವನನ್ನು ನೇಣಿಗೆ ಹಾಕಿತು. ಇಂಗ್ಲಿಷ್ ಕಾಗದಗಳಲ್ಲಿ ಅವನು ದಂಗೆಕೋರ. ಅವನ ಕಡೆಯಿಂದ ಬರೆದ ಶಾಸನ ಹುಡುಕುವವರು ಸಕಲೇಶಪುರ ಸೀಮೆಯ ಹಳ್ಳಿಗಳ ನಾಯಕರ ಕಾಲದ ಕಲ್ಲುಗಳಿಂದ ಶುರುಮಾಡಬೇಕು. ಮಳೆಗಾಲ ಕಳೆದ ಮೇಲೆ ಹೋಗಿ, ಪಾಚಿ ಒಣಗಿರುತ್ತದೆ, ಇಳಿಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತವೆ.