ತಣ್ಣೀರುಬಾವಿ ಕಲಿಸಿದ ಪಾಠ

ಅನಿಲ ವಿದ್ಯುತ್ ಸ್ಥಾವರದ ಅಳಿವು ಉಳಿವನ್ನು ನಿರ್ಧರಿಸುವುದು ಇಂಧನದ ಬೆಲೆ. ಮಾಣಿ, ಬಂಟ್ವಾಳದವರಿಗೆ ಇದಕ್ಕೆ ಸಾಕ್ಷಿ ದೂರವಿಲ್ಲ. ಮಂಗಳೂರಿನ ತಣ್ಣೀರುಬಾವಿಯಲ್ಲಿ, ಗುರುಪುರ ನದಿಯ ಮೇಲೆ ಬಾರ್ಜುಗಳಲ್ಲಿ ನಿಲ್ಲಿಸಿದ್ದ 220 ಮೆಗಾವಾಟ್ ಸ್ಥಾವರ 2001ರಲ್ಲಿ ಶುರುವಾಯಿತು. ಅದರ ವಿಧಾನ ಅನಿಲ ಸ್ಥಾವರದ್ದೇ. ಒತ್ತಿದ ಗಾಳಿಯಲ್ಲಿ ಇಂಧನ ಉರಿದಾಗ ಉಬ್ಬುವ ಬಿಸಿಗಾಳಿ ಟರ್ಬೈನ್ ತಿರುಗಿಸುತ್ತದೆ, ಅದಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ಕೊಡುತ್ತದೆ. ಹೊರಬೀಳುವ ಹೊಗೆ ಸುಮಾರು 600 ಡಿಗ್ರಿಯಷ್ಟು ಬಿಸಿ ಇರುವುದರಿಂದ, ಅದರಿಂದಲೇ ನೀರು ಕಾಯಿಸಿ ಹಬೆಯಿಂದ ಇನ್ನೊಂದು ಟರ್ಬೈನ್ ತಿರುಗಿಸಬಹುದು. ಹೀಗೆ ಇಂಧನದ ಅರ್ಧಕ್ಕೂ ಹೆಚ್ಚು ಶಕ್ತಿ ವಿದ್ಯುತ್ತಾಗಬಲ್ಲದು. ಕಲ್ಲಿದ್ದಲಿನಲ್ಲಿ ಇದು ಸಾಮಾನ್ಯವಾಗಿ ಶೇ. 40ರೊಳಗೆ. ಆದರೆ ತಣ್ಣೀರುಬಾವಿಯಲ್ಲಿ ಉರಿಸಿದ್ದು ನಾಫ್ತಾ ಎಂಬ ದುಬಾರಿ ದ್ರವ ಇಂಧನ. 2010ರಲ್ಲಿ ಸ್ಥಾವರ ನೈಸರ್ಗಿಕ ಅನಿಲಕ್ಕಾಗಿ ಕಾಕಿನಾಡಕ್ಕೆ ಹೋಯಿತು.

2021ರಲ್ಲಿ ಕೊಚ್ಚಿಯ ಕೊಳವೆ ಮಾರ್ಗ ಮಂಗಳೂರಿಗೆ ಅನಿಲ ತಂದಿದೆಯಲ್ಲ, ಈಗೇನು ಅಡ್ಡಿ ಎಂದು ಕೇಳಬಹುದು. ಆ ಅನಿಲ ಹಡಗಿನಲ್ಲಿ ಬರುವ ಆಮದು. ವಿದೇಶದಲ್ಲಿ ಯುದ್ಧವಾದರೆ ಇಲ್ಲಿ ದರ ಏರುತ್ತದೆ. ಹಾಗಾದರೆ ಅನಿಲವೇ ಬೇಡವೆಂಬ ವಾದವೂ ಪೂರ್ತಿ ಸರಿಯಲ್ಲ. ಕಲ್ಲಿದ್ದಲಿಗೆ ಹೋಲಿಸಿದರೆ ಉರಿಸುವಾಗ ಇಂಗಾಲದ ಡೈ ಆಕ್ಸೈಡ್ ಅರ್ಧದಷ್ಟೇ. ಆದರೆ ಅನಿಲದಲ್ಲಿರುವ ಮೀಥೇನ್ ಉರಿಯದೆ ಸೋರಿದರೆ ಆ ಲಾಭ ಕರಗುತ್ತದೆ. ಸೂರ್ಯ ಮುಳುಗಿ ಸೌರ ವಿದ್ಯುತ್ ನಿಂತಾಗ ಅನಿಲ ಸ್ಥಾವರವನ್ನು ಬೇಗ ಚಾಲೂ ಮಾಡಬಹುದು. ಬೆಂಗಳೂರಿನ ಯಲಹಂಕದಲ್ಲಿರುವ 370 ಮೆಗಾವಾಟ್ ಅನಿಲ ಸ್ಥಾವರವನ್ನೂ ಸಂಜೆಯ ಆಸರೆಯಾಗಿ ಬಳಸುವುದೇ ಜಾಣತನ. ಹಗಲಿರುಳು ಅದನ್ನೇ ನಂಬಿದರೆ ಹೊರೆ ಬೀಳುವುದು ನಮ್ಮ ಕರೆಂಟು ಬಿಲ್ಲಿನ ಮೇಲೆ.