ಬೇಲಿಯಂಚಿನ ಬಂಧು

ಬಾದಾಮಿಯ ಕೆಂಗಲ್ಲಿನ ಬೆಟ್ಟಗಳನ್ನು ಹಿಂದೆ ಬಿಟ್ಟು ಹುನಗುಂದ, ಇಳಕಲ್ಲುಗಳ ಕಡೆಗೆ ಸಾಗಿದರೆ ಎರೆಹೊಲಗಳು ಕಣ್ಣಿಗೆ ಬೀಳುತ್ತವೆ. ಈ ಹೊಲಗಳ ಬದುವಿನಲ್ಲಿ, ಕಳ್ಳಿಬೇಲಿಯ ಸಂದಿನಲ್ಲಿ, ಹಾಳುಗೋಡೆಯ ಬುಡದಲ್ಲಿ ಬೂದುಬಣ್ಣದ ಪ್ರಾಣಿಯೊಂದು ಸರ್ರನೆ ಹಾದುಹೋಗುವುದನ್ನು ನೀವು ಕಂಡಿರಬಹುದು. ಅದೇ ಮುಂಗುಸಿ. ಊರಿಗೆ ಹೊರಟಾಗ ಅದು ಕಂಡರೆ ಶುಭವೆಂದು ನಂಬುವವರುಂಟು. ಶುಭಾಶುಭದ ಮಾತು ಹಾಗಿರಲಿ. ಅದನ್ನು ಕಂಡಾಗಲೆಲ್ಲ ನನಗೆ ನೆಂಟನೊಬ್ಬನು ಎದುರಾದಂತಾಗುತ್ತದೆ. ನಾನು ಗಾತ್ರದಲ್ಲಿ ಸಣ್ಣವನು. ನನಗಿಂತ ಎತ್ತರವಾಗಿ ಬೆಳೆದ ಹುಡುಗರ ಮುಂದೆ 30 ವರ್ಷ ನಿಂತು ಪಾಠ ಹೇಳಿದವನು. ದೊಡ್ಡವರ ನಡುವೆ ಸಣ್ಣವರು ಬದುಕುವ ಬಗೆಯನ್ನು ಈ ಪ್ರಾಣಿಯು ನನಗಿಂತ ಚೆನ್ನಾಗಿ ಬಲ್ಲುದು.

ಬೂದು ಮುಂಗುಸಿಯ ತೂಕ ಸಾಮಾನ್ಯವಾಗಿ 1ರಿಂದ 1.5 ಕಿಲೋಗ್ರಾಂ. ಬಾಲವು ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಅದರ ಒಂದೊಂದು ಕೂದಲಿನಲ್ಲಿಯೂ ಗಾಢವಾದ ಮತ್ತು ತಿಳಿಯಾದ ಬಣ್ಣದ ಪಟ್ಟೆಗಳಿವೆ. ಇಳಕಲ್ಲಿನ ಮಗ್ಗದಲ್ಲಿ ಹಾಸಿನ ಎಳೆ ಒಂದು ಬಣ್ಣದ್ದಾಗಿ ಹೊಕ್ಕಿನ ಎಳೆ ಮತ್ತೊಂದು ಬಣ್ಣದ್ದಾದರೆ ದೂರಕ್ಕೆ ಮೂರನೆಯ ಬಣ್ಣವೇ ತೋರುವುದಷ್ಟೆ? ಹಾಗೆಯೇ ಈ ಪಟ್ಟೆಗಳೆಲ್ಲ ಕೂಡಿ ಬೂದುಬಣ್ಣವಾಗಿ ಕಾಣುತ್ತವೆ. ಅದರ ದಿನನಿತ್ಯದ ಆಹಾರ ಇಲಿ, ಹಲ್ಲಿ, ಕೀಟ, ಮೊಟ್ಟೆ, ಕೆಲವೊಮ್ಮೆ ಹಣ್ಣು. ಹಾವನ್ನು ಹುಡುಕಿಕೊಂಡು ಅಲೆಯುವುದೇ ಅದರ ಕಸುಬೆಂದು ತಿಳಿಯಬಾರದು. ಮನುಷ್ಯನ ಹೆಜ್ಜೆಯ ಸಪ್ಪಳವಾದರೆ ಅದು ಮೊದಲು ಮಾಡುವ ಕೆಲಸ ಮರೆಗೆ ಸರಿಯುವುದು.

ಆದರೆ ನಾಗರಹಾವು ಎದುರಾಗಿ ಹೆಡೆಯೆತ್ತಿತೆನ್ನಿ. ಆಗ ಮುಂಗುಸಿಯ ರೂಪವೇ ಬೇರೆ. ಮೈಯ ಕೂದಲೆಲ್ಲ ನಿಮಿರಿ ಅದು ಇಮ್ಮಡಿ ದೊಡ್ಡದಾಗಿ ತೋರುತ್ತದೆ. ಹಾವಿನ ಹಲ್ಲು ಎಷ್ಟೋ ಸಲ ಈ ಕೂದಲಿಗೆ ತಗುಲುವುದೇ ಹೊರತು ಚರ್ಮಕ್ಕಲ್ಲ. ಮುಂದೆ ನುಗ್ಗಿದಂತೆ ಮಾಡಿ ಹಿಂದಕ್ಕೆ ನೆಗೆಯುತ್ತ, ಹಾವು ಮತ್ತೆ ಮತ್ತೆ ಎರಗಿ ದಣಿಯುವಂತೆ ಮಾಡುತ್ತದೆ. ದಣಿದ ಗಳಿಗೆಯಲ್ಲಿ ತಲೆಯನ್ನೇ ಕಚ್ಚಿ ಹಿಡಿಯುತ್ತದೆ. (ತರಗತಿಯಲ್ಲಿ ನಾನು ದನಿಯೇರಿಸುತ್ತಿದ್ದುದೂ ಕೂದಲು ನಿಮಿರಿಸುವ ಜಾತಿಯದೇ!)

ಕಚ್ಚಿಸಿಕೊಂಡ ಮುಂಗುಸಿಯು ಓಡಿಹೋಗಿ ಯಾವುದೋ ಬೇರನ್ನು ತಿಂದು ವಿಷವನ್ನು ಕಳೆದುಕೊಳ್ಳುತ್ತದೆಂದು ಹಿಂದಿನವರು ನಂಬಿದ್ದರು. ನಿಜವಾದ ಮದ್ದು ಅದರ ಮೈಯಲ್ಲಿಯೇ ಇದೆ. ನರವು ಹೊರಸೂಸುವ ರಾಸಾಯನಿಕವೊಂದು ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಸೇರಿದಾಗ ಸ್ನಾಯು ಸಂಕುಚಿಸುತ್ತದೆ. ಗ್ರಾಹಕವು ಬೀಗ, ರಾಸಾಯನಿಕವು ಕೀಲಿಕೈ ಎಂದುಕೊಳ್ಳಿ. ನಾಗರಹಾವಿನ ವಿಷವು ಬೀಗದ ಕಂಡಿಯನ್ನು ಮುಚ್ಚಿಬಿಡುತ್ತದೆ. ಉಸಿರಾಟದ ಸ್ನಾಯುಗಳು ನಿಂತುಹೋಗುತ್ತವೆ. ಮುಂಗುಸಿಯ ಬೀಗದ ರಚನೆಯೇ ತುಸು ಬೇರೆಯಾದುದರಿಂದ ವಿಷವು ಅಲ್ಲಿ ಸುಲಭವಾಗಿ ನೆಲೆಯೂರಲಾರದು. ಹಾಗೆಂದು ಅದು ಚಿರಂಜೀವಿಯಲ್ಲ. ವಿಷದ ಪ್ರಮಾಣ ಮಿತಿಮೀರಿದರೆ ಸಾಯುತ್ತದೆ. ಆ ಅಪಾಯವಿದ್ದೂ ಅದು ಎದುರು ನಿಲ್ಲುತ್ತದೆಂಬುದೇ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ಬಾದಾಮಿಗೆ ಸಮೀಪದ ಪಟ್ಟದಕಲ್ಲಿನಲ್ಲಿ 8ನೆಯ ಶತಮಾನದ ಶಿಲ್ಪಿಗಳು ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಆ ಪಂಚತಂತ್ರದಲ್ಲಿ ಮುಂಗುಸಿಯ ಕಥೆಯೂ ಒಂದುಂಟು. ತೊಟ್ಟಿಲ ಕೂಸನ್ನು ಕಾಯಲು ಹಾವನ್ನು ಕೊಂದ ಮುಂಗುಸಿಯ ಬಾಯಿಗೆ ನೆತ್ತರು ಮೆತ್ತಿತ್ತು. ಅದನ್ನು ಕಂಡ ತಾಯಿಯು ಕೂಸನ್ನೇ ಕೊಂದಿತೆಂದು ತಿಳಿದು, ನೀರಿನ ಕೊಡವನ್ನು ಅದರ ಮೇಲೆ ಹಾಕಿ ಕೊಂದಳು.

ಕಥೆಯ ತಾಯಿ ಆತುರದಿಂದ ಕೊಂದಳು, ಒಡನೆಯೇ ಅತ್ತಳು. ನಮ್ಮ ಕಾಲದವರು ಲೆಕ್ಕ ಹಾಕಿ ಕೊಲ್ಲುತ್ತಾರೆ. ಮುಂಗುಸಿಯ ಬಿರುಸು ಕೂದಲು ಬಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಚಿತ್ರಕಲೆಯ ಕುಂಚಗಳಿಗೆ ಬೇಕಾಯಿತು. ಹಾವನ್ನು ಹಿಮ್ಮೆಟ್ಟಿಸುವ ಕೂದಲೇ ಅದರ ಸಾವಿಗೆ ಕಾರಣವಾಯಿತು. ಒಂದು ಪ್ರಾಣಿಯಿಂದ ದೊರೆಯುವ ಕೂದಲು ಅತ್ಯಲ್ಪವಾದುದರಿಂದ ಹಲವಾರು ಮುಂಗುಸಿಗಳು ಉರುಲಿಗೆ ಬೀಳಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿಯ ಬೇಟೆಯೂ ಅದರ ಕೂದಲಿನ ಮಾರಾಟವೂ ಅಪರಾಧ. ಆದರೂ ಗುಟ್ಟಾಗಿ ಸಾಗಿಸುವಾಗ ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತಿರುತ್ತದೆ. ಕೃತಕ ಎಳೆಗಳ ಕುಂಚಗಳು ಈಗ ಧಾರಾಳವಾಗಿ ದೊರೆಯುತ್ತವೆ. ಕೊಳ್ಳುವ ಕುಂಚದ ಕೂದಲು ತುದಿಯಲ್ಲಿ ಕಂದು, ನಡುವೆ ಕೆನೆಬಣ್ಣ, ಬುಡದಲ್ಲಿ ಮತ್ತೆ ಕಂದಾಗಿದ್ದರೆ ಅದು ಮುಂಗುಸಿಯದಾಗಿರುವ ಸಂಭವವುಂಟು.