ಮುಳ್ಳು ಕೆಳಗೆ ನಿಂತರೆ ಎಂಜಿನ್ ಸವೆದಂತೆಯೇ?

ಹಳೆಯ ಟ್ರ್ಯಾಕ್ಟರಿಗೆ ಕಂಪ್ರೆಷನ್ ಗೇಜ್ ಹಾಕಿ ನೋಡುವವರು, ಮುಳ್ಳು ಎಣಿಸಿದ್ದಕ್ಕಿಂತ ಕೆಳಗೆ ನಿಂತರೆ ಎಂಜಿನ್ ಮುಗಿಯಿತೆಂದು ತೀರ್ಪು ಕೊಟ್ಟುಬಿಡುತ್ತಾರೆ. ಅದಕ್ಕೂ ಮೊದಲು, ಆ ಎಂಜಿನ್ ಯಾವ ಎಣ್ಣೆಗೆಂದು ಹುಟ್ಟಿದ್ದು ಎಂದು ಕೇಳಬೇಕು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಫರ್ಗುಸನ್ ಟಿಇ20 ಟ್ರ್ಯಾಕ್ಟರನ್ನೇ ನೋಡಿ. ಬೂದು ಬಣ್ಣ, ಮೈಕಟ್ಟು ಎಲ್ಲವೂ ಒಂದೇ. ಆದರೆ ಪೆಟ್ರೋಲ್ ಮಾದರಿಯ ಕಂಪ್ರೆಷನ್ ಅನುಪಾತ 6:1ರ ಆಸುಪಾಸು, ಟಿವಿಒ ಎಂಬ ಟ್ರ್ಯಾಕ್ಟರ್ ಸೀಮೆಎಣ್ಣೆಯದು 5:1ರ ಹತ್ತಿರ, ದೀಪದೆಣ್ಣೆಯದು ಇನ್ನೂ ಕಡಿಮೆ, ಡೀಸೆಲ್ಲಿನದು 17:1. ಆರು ಲೋಟ ಗಾಳಿಯನ್ನು ಒಂದು ಲೋಟದ ಜಾಗಕ್ಕೆ ಒತ್ತಿದರೆ ಅದು 6:1.

ಕಿಡಿಯಿಂದ ಉರಿಯುವ ಎಂಜಿನ್ನು ಇಂಧನದ ಆವಿಯನ್ನೂ ಗಾಳಿಯನ್ನೂ ಒಟ್ಟಿಗೆ ಒತ್ತುತ್ತದೆ. ಒತ್ತಿದಷ್ಟೂ ಬಿಸಿ. ಸೀಮೆಎಣ್ಣೆಯ ಆಕ್ಟೇನ್, ಅಂದರೆ ಸಿಡಿಯದೆ ತಾಳುವ ಗುಣ, ಕಡಿಮೆಯಾದ್ದರಿಂದ ಅದು ಆ ಬಿಸಿಗೆ ತಾನಾಗಿಯೇ ಸಿಡಿಯುತ್ತದೆ. ಪಿಸ್ಟನ್ನಿಗೆ ಸುತ್ತಿಗೆಯ ಏಟು ಬಿದ್ದಂತೆ ಟಕಟಕ ಸದ್ದು ಕೇಳುತ್ತದೆ. ಆದ್ದರಿಂದ ಒತ್ತಡ ತಗ್ಗಿಸಿದ್ದು ದೋಷವಲ್ಲ, ಲೆಕ್ಕಾಚಾರ. ಹಾಗಾದರೆ ನಷ್ಟವಿಲ್ಲವೇ? ಇದೆ. ಆದರ್ಶ ಎಂಜಿನ್ನಿನ ಸೂತ್ರದಂತೆ 6:1ರಲ್ಲಿ ಶಾಖದ ಶೇ. 51ರಷ್ಟು ಕೆಲಸವಾದರೆ 4.5:1ರಲ್ಲಿ ಶೇ. 45 ಮಾತ್ರ, ನಿಜದ ಎಂಜಿನ್ನಿನಲ್ಲಿ ಎರಡೂ ಇನ್ನಷ್ಟು ಕಡಿಮೆ. ಸಾಲದ್ದಕ್ಕೆ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಟ್ಯಾಪ್ ತಿರುಗಿಸಬೇಕು. ನಮ್ಮ ಸೀಮೆಎಣ್ಣೆ ಪಂಪ್‌ಸೆಟ್ ನಡೆಸಿದವರಿಗೆ ಇದು ಗೊತ್ತಿರುವ ವಿದ್ಯೆಯೇ. ಕಾಯುವ ಮೊದಲೇ ತಿರುಗಿಸಿದರೆ ಉರಿಯದ ಎಣ್ಣೆ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಂಜಿನ್ ಆಯಿಲ್ಲನ್ನು ತೆಳುವಾಗಿಸುತ್ತದೆ. ಇಷ್ಟೆಲ್ಲ ಕಾಟವಿದ್ದೂ ಬ್ರಿಟನ್ನಿನ ರೈತ ಅದನ್ನು ಕೊಂಡದ್ದು, ಪೆಟ್ರೋಲಿಗಿಂತ ಟಿವಿಒ ಅಗ್ಗವಿದ್ದದ್ದರಿಂದ.

ಒತ್ತಡ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ, ಡೀಸೆಲ್ಲನ್ನೇ ನೋಡಿ ಎನ್ನುವವರಿದ್ದಾರೆ. ಹೋಲಿಕೆಯೇ ತಪ್ಪು. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು. ಕಾದ ಗಾಳಿಗೆ ಆಮೇಲೆ ಎಣ್ಣೆ ಚಿಮ್ಮಿಸುತ್ತದೆ. ಅಲ್ಲಿ ಕಿಡಿಯ ಕೆಲಸವನ್ನು ಒತ್ತಡವೇ ಮಾಡಬೇಕು, ಕಡಿಮೆಯಾದರೆ ಉರಿಯುವುದೇ ಇಲ್ಲ. ಈಗ ಸೀಮೆಎಣ್ಣೆ ಹಾಕುವವರಿಲ್ಲ, ಪೆಟ್ರೋಲ್ ಪಿಸ್ಟನ್ ಕೂರಿಸಿದರೇನು ಎಂಬ ಪ್ರಶ್ನೆಗೆ ಹುರುಳಿದೆ. ಪೆಟ್ರೋಲಿನಲ್ಲೇ ಓಡಿಸುವುದಾದರೆ ಧಾರಾಳವಾಗಿ ಕೂರಿಸಬಹುದು. ಮುಂದೆ ಅದಕ್ಕೆ ಸೀಮೆಎಣ್ಣೆ ತೋರಿಸಬಾರದು, ಅಷ್ಟೆ. ಇನ್ನು ಸವೆತದ ಮಾತು: ಒಂದು ಸಿಲಿಂಡರನ್ನು ಅದರ ಪಕ್ಕದ್ದರೊಂದಿಗೆ ಹೋಲಿಸಿ. ಕಡಿಮೆ ತೋರಿದ್ದಕ್ಕೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿ. ಅದಕ್ಕೂ ಮುಂಚೆ ಫಲಕದಲ್ಲಿ ಟಿಇ ನಂತರದ ಅಕ್ಷರ ಓದಿಕೊಳ್ಳಿ: ಎ ಪೆಟ್ರೋಲ್, ಡಿ ಟಿವಿಒ, ಎಫ್ ಡೀಸೆಲ್, ಎಚ್ ದೀಪದೆಣ್ಣೆ.